ರೋಗ ಕಂಡ ಮೇಲೆ ಬೀಡಿ ಬಿಟ್ಟರೆ ಫಲವುಂಟೇ?

ಆರಂಭದ ಹಂತದ ಶ್ವಾಸಕೋಶ ಕ್ಯಾನ್ಸರಿನಲ್ಲಿ ರೋಗಿಯ ಆಯುಷ್ಯವನ್ನು ಮೊದಲು ಸೂಚಿಸುವುದು ಗಡ್ಡೆಯ ಗಾತ್ರ. ದುಗ್ಧಗ್ರಂಥಿಗಳಿಗೆ ಹರಡದ ಗಡ್ಡೆ 1 ಸೆಂ.ಮೀ. ಒಳಗಿದ್ದರೆ 5 ವರ್ಷ ಬದುಕುವವರು ನೂರಕ್ಕೆ 92 ಮಂದಿ. 3ರಿಂದ 4 ಸೆಂ.ಮೀ. ಇದ್ದರೆ 68 ಎಂದು ಜಾಗತಿಕ ಅಂಕಿಅಂಶಗಳು ಹೇಳುತ್ತವೆ. ಗ್ರಂಥಿಗಳಿಗೆ ಹರಡಿದ್ದರೆ ಇನ್ನೂ ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಪೂರ್ಣವಾಗಿ ಹೊರಬಂದಿತೇ ಎಂಬುದೂ ಮುಖ್ಯ.

ಇವು ಬಹುಮಟ್ಟಿಗೆ ರೋಗಿಯ ಕೈ ಮೀರಿದವು. ಬೀಡಿ ಹಾಗಲ್ಲ. ‘ಬರುವುದು ಬಂದಾಯಿತು, ಇನ್ನು ಬಿಟ್ಟೇನು ಫಲ?’ ಎಂಬ ಮಾತನ್ನು ಗಾಣಗಾಪುರ, ಅಫಜಲಪುರದ ಕಡೆ ನಾವು ಕೇಳುತ್ತಲೇ ಇದ್ದೇವೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2010ರಲ್ಲಿ ಪ್ರಕಟಿಸಿದ ಅಂದಾಜು ಬೇರೆಯೇ ಇದೆ: ಈ ಹಂತದ 65 ವರ್ಷದ ರೋಗಿಗಳಲ್ಲಿ ಧೂಮಪಾನ ಮುಂದುವರಿಸಿದವರ ಪೈಕಿ 5 ವರ್ಷ ಬದುಕುವವರು ನೂರಕ್ಕೆ 33, ತ್ಯಜಿಸಿದವರ ಪೈಕಿ 70.

ಕ್ಷಯದ ಔಷಧಕ್ಕೂ ಬಗ್ಗದ ಕೆಮ್ಮು, ಕಫದಲ್ಲಿ ರಕ್ತ ಕಂಡರೆ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ತೋರಿಸಬೇಕು.