ಮುಟ್ಟು ನಿಲ್ಲುವ ಕಾಲ ಮತ್ತು ಥೈರಾಯ್ಡ್ ಗ್ರಂಥಿ

ನಮ್ಮ ಕಾಲೇಜಿಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿನಿಯರ ತಾಯಂದಿರಲ್ಲಿ ಬಹುಮಂದಿ ನಲವತ್ತರ ಆಚೀಚಿನವರು. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46, 47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ನಿಂತ ಮೇಲಿನ ಕಾಲಕ್ಕಿಂತ ನಿಲ್ಲುವುದಕ್ಕೆ ಮುಂಚಿನ ನಾಲ್ಕಾರು ವರ್ಷಗಳೇ ಅನೇಕರಿಗೆ ಹೆಚ್ಚು ತೊಡಕಿನವು. ಇಂಥ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಹುಬ್ಬೇರಿಸುವವರೂ ಇದ್ದಾರು. ಸ್ವತಃ ವೈದ್ಯೆಯಾಗಿದ್ದ ಡಾ. ಅನುಪಮಾ ನಿರಂಜನರು ಹೆಂಗಸರ ಆರೋಗ್ಯವನ್ನು ಕುರಿತು ದಶಕಗಳ ಹಿಂದೆಯೇ ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆದಿದ್ದಾರೆ; ಅದೇ ನನಗೆ ಸಾಕಷ್ಟು ಧೈರ್ಯ. ನಾನು ವೈದ್ಯೆಯಲ್ಲ, ಅರ್ಥಶಾಸ್ತ್ರ ಪಾಠ ಹೇಳುವವಳು. ಆದರೆ ಹನ್ನೊಂದು ವರ್ಷಗಳಿಂದ ಥೈರಾಯ್ಡ್ ಮಾತ್ರೆಯನ್ನೂ ಎರಡು ವರ್ಷಗಳಿಂದ ಹಾರ್ಮೋನು ಮಾತ್ರೆಯನ್ನೂ ನುಂಗುತ್ತಿರುವವಳು. ಇವೆರಡೂ ಒಂದೇ ದೇಹದಲ್ಲಿ ಕೂಡಿದಾಗ ಏನಾಗುತ್ತದೆಂದು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ.

ಥೈರಾಯ್ಡ್ ಎಂಬುದು ಕೊರಳಿನ ಮುಂಭಾಗದಲ್ಲಿ ಪಾತರಗಿತ್ತಿಯಂತೆ ರೆಕ್ಕೆ ಹರಡಿಕೊಂಡಿರುವ ನಿರ್ನಾಳ ಗ್ರಂಥಿ. ಅದು ಸ್ರವಿಸುವ ಥೈರಾಕ್ಸಿನ್ ದೇಹದ ಒಲೆಗೆ ಊದುಗೊಳವೆ ಇದ್ದಂತೆ. ಊದುವುದು ಕಡಿಮೆಯಾದರೆ ಉರಿ ಕುಗ್ಗುತ್ತದೆ. ಮೈ ಭಾರವಾಗುವುದು, ಮಲಬದ್ಧತೆ, ಚಳಿ ತಡೆಯಲಾರದಿರುವುದು, ಕೂದಲುದುರುವುದು, ಮರೆವು ಇವೆಲ್ಲ ಅದರ ಲಕ್ಷಣಗಳು. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಚೋದಕವನ್ನು ಹೆಚ್ಚು ಹೆಚ್ಚಾಗಿ ಕಳುಹಿಸಿ ಥೈರಾಯ್ಡನ್ನು ಎಬ್ಬಿಸಲು ನೋಡುತ್ತದೆ. ಆದುದರಿಂದ ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ.ಎಸ್.ಎಚ್. ಅಂಕಿ ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆ ಎಂದರ್ಥ. ಅದನ್ನು ಕಂಡು ‘ಥೈರಾಯ್ಡ್ ಜಾಸ್ತಿಯಾಗಿದೆ’ ಎನ್ನುವವರೇ ನಮ್ಮ ಕಡೆ ಬಹಳ!

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಕುರಿಯ ಥೈರಾಯ್ಡಿನ ಸಾರವನ್ನು ಇಂಥ ರೋಗಿಯೊಬ್ಬಳಿಗೆ ಸೂಜಿಯ ಮೂಲಕ ಕೊಟ್ಟನು. ಆಕೆ ಮುಂದೆ 28 ವರ್ಷ ಬದುಕಿದಳು. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. 1927ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಇಂದು ನಾವು ಬೆಳಗ್ಗೆ ನುಂಗುವ ಪುಟ್ಟ ಬಿಳಿಮಾತ್ರೆ ಅದರ ಸಂತಾನವೇ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ತಡೆಯಲು ಭಾರತ ಸರಕಾರ 1962ರಲ್ಲೇ ಕಾರ್ಯಕ್ರಮ ಹೂಡಿತು. ಅಯೋಡಿನ್ ಉಪ್ಪು ಸಿಗುವ ಕಡೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಬೇರೆಯೇ ಕಾರಣ: ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಜಪಾನಿನ ಹಶಿಮೊಟೊ 1912ರಲ್ಲಿ ಇದನ್ನು ವರ್ಣಿಸಿದನು. ಇದಕ್ಕೆ ಉಪ್ಪು ಹೆಚ್ಚು ತಿಂದು ಪ್ರಯೋಜನವಿಲ್ಲ.

ಇನ್ನು ಮುಟ್ಟು ನಿಲ್ಲುವ ಕಾಲ. ಅಂಡಾಶಯಗಳು ಒಮ್ಮೆಗೇ ಬಾಗಿಲು ಹಾಕುವುದಿಲ್ಲ. ಒಂದು ತಿಂಗಳು ಈಸ್ಟ್ರೋಜನ್ ಉಕ್ಕುತ್ತದೆ, ಮತ್ತೊಂದು ತಿಂಗಳು ಬತ್ತುತ್ತದೆ. ಮುಟ್ಟು ಹಿಂದುಮುಂದಾಗುತ್ತದೆ. ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಕಿತ್ತುಬರುತ್ತದೆ. ನಿದ್ದೆ ಕೆಡುತ್ತದೆ, ಕೀಲು ನೋಯುತ್ತದೆ, ಸಣ್ಣ ಮಾತಿಗೂ ಸಿಡುಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮ ಅತ್ತಿಗೆಯೊಬ್ಬರು ಮೂರು ವರ್ಷ ಹೀಗೆ ಬೆಂದರು. ಕುದಿನೀರಿನಲ್ಲಿ ಗೂಡು ಬೇಯುವ ಕಡೆ ದಿನವೆಲ್ಲ ನಿಂತವರಿಗೆ ಸೆಕೆ ಯಾವುದು, ರೋಗ ಯಾವುದು? ‘ಇದು ಬೇಸಿನ್ನಿನ ಹಬೆ, ಬಿಡಮ್ಮ’ ಎನ್ನುತ್ತಿದ್ದರು. ‘ಹಾಗಾದರೆ ಕೆಲಸವಿಲ್ಲದ ದಿನ ನಡುರಾತ್ರಿ ಎದ್ದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತೀರಲ್ಲ ಅತ್ತಿಗೆ, ಅದು ಯಾವ ಬೇಸಿನ್ನು?’ ಎಂದು ಕೇಳಿದ ಮೇಲೆಯೇ ಅವರು ಆಸ್ಪತ್ರೆಗೆ ಹೊರಟಿದ್ದು.

ಬಿಸಿ ಏರುವುದೊಂದನ್ನು ಬಿಟ್ಟರೆ ಉಳಿದ ದೂರುಗಳು ಎರಡು ಗ್ರಂಥಿಗಳದೂ ಹೆಚ್ಚುಕಡಿಮೆ ಒಂದೇ ಎಂಬುದೇ ಇಲ್ಲಿನ ಸಿಕ್ಕು. ಆಯಾಸ, ತೂಕ, ಮರೆವು, ಮಂಕು, ಹೆಚ್ಚು ಸ್ರಾವ, ಯಾವುದನ್ನು ಯಾವುದರ ಲೆಕ್ಕಕ್ಕೆ ಬರೆಯುವುದು? ಥೈರಾಯ್ಡ್ ಇದೆಯೆಂದು ಗೊತ್ತಿರುವ ಹೆಂಗಸಿನ ಎಲ್ಲ ಸಂಕಟವನ್ನೂ ಥೈರಾಯ್ಡಿನ ತಲೆಗೆ ಕಟ್ಟಿ ಮಾತ್ರೆಯನ್ನು ಏರಿಸುತ್ತ ಹೋಗುವುದುಂಟು. ಇದು ಅಪಾಯ. ಥೈರಾಕ್ಸಿನ್ ಮಿತಿಮೀರಿದರೆ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ಮುಟ್ಟು ನಿಂತು ಮೊದಲೇ ಸವೆಯುತ್ತಿರುವ ಮೂಳೆ ಮತ್ತಷ್ಟು ಸವೆಯುತ್ತದೆ. ಎಲ್ಲವನ್ನೂ ‘ವಯಸ್ಸಾಯಿತು’ ಎಂದು ತಳ್ಳಿಹಾಕಿ ಟಿ.ಎಸ್.ಎಚ್. ಪರೀಕ್ಷೆಯನ್ನೇ ಮಾಡಿಸದಿರುವುದೂ ಉಂಟು. ಅದೂ ಸಲ್ಲದು.

ಕಡಿಮೆಯಾದ ಈಸ್ಟ್ರೋಜನ್ನನ್ನು ಹೊರಗಿನಿಂದ ಕೊಡುವುದೇ ಹಾರ್ಮೋನು ಚಿಕಿತ್ಸೆ. ಗರ್ಭಕೋಶ ಇರುವವರಿಗೆ ಅದರೊಡನೆ ಪ್ರೊಜೆಸ್ಟೆರಾನ್ ಬಗೆಯ ಔಷಧವನ್ನೂ ಕೊಡಲೇಬೇಕು. ಬರಿಯ ಈಸ್ಟ್ರೋಜನ್ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ದಾರಿಮಾಡುತ್ತದೆಂದು 1975ರಲ್ಲೇ ತಿಳಿದುಬಂತು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. 2002ರಲ್ಲಿ ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಎರಡೂ ಔಷಧ ನುಂಗಿದವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ 38 ಮಂದಿಗೆ, ನುಂಗದವರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಕಂಡಿತ್ತು. ಸುದ್ದಿ ಹಬ್ಬಿ ಲೋಕವೆಲ್ಲ ಹೆದರಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದನ್ನು ಹೆದರಿದವರು ಗಮನಿಸಲಿಲ್ಲ. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷ ಕಳೆಯುವ ಮುನ್ನ ಆರಂಭಿಸುವ ಆರೋಗ್ಯವಂತರಲ್ಲಿ, ಬಾಧೆ ಹೆಚ್ಚಾಗಿದ್ದರೆ, ಲಾಭವೇ ಹೆಚ್ಚೆಂಬುದು ಇಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯ. ಸ್ತನ ಕ್ಯಾನ್ಸರ್ ಬಂದಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಹೊಡೆದವರು, ಪಿತ್ತಜನಕಾಂಗ ಕೆಟ್ಟವರಿಗೆ ಮಾತ್ರ ಈ ಮಾತು ಅನ್ವಯಿಸದು.

ಈಗ ಎರಡು ಔಷಧಗಳೂ ಸಂಧಿಸುವ ಕಡೆಗೆ ಬರೋಣ. ರಕ್ತದಲ್ಲಿರುವ ಥೈರಾಕ್ಸಿನ್ನಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಕೆಲವು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದ ಅತ್ಯಲ್ಪ ಭಾಗವೇ ಕೆಲಸ ಮಾಡುವುದು. ಚಿಂತಾಮಣಿಯ ಬಸ್ ನಿಲ್ದಾಣವನ್ನು ನೆನೆಯಿರಿ. ಬಸ್ಸಿನಲ್ಲಿ ಕುಳಿತವರು ಮೂಟೆ ಹೊರಲಾರರು. ನೆಲದ ಮೇಲಿರುವ ನಾಲ್ವರೇ ಹೊರಬೇಕು. ಈಸ್ಟ್ರೋಜನ್ನನ್ನು ನುಂಗಿದಾಗ ಅದು ಕರುಳಿನಿಂದ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗಿ ಈ ಪ್ರೋಟೀನನ್ನು ಹೆಚ್ಚಿಸುತ್ತದೆ, ಎಂದರೆ ನಿಲ್ದಾಣಕ್ಕೆ ಇನ್ನೆರಡು ಬಸ್ಸು ಬಂದಂತೆ. ನೆಲದ ಮೇಲಿದ್ದವರೂ ಹತ್ತಿ ಕುಳಿತುಬಿಡುತ್ತಾರೆ. ಗ್ರಂಥಿ ಗಟ್ಟಿಯಾಗಿದ್ದರೆ ಮತ್ತಷ್ಟು ಜನರನ್ನು ಕಳಿಸಿ ಸರಿದೂಗಿಸುತ್ತದೆ. ಸೋತ ಗ್ರಂಥಿಯವಳಿಗೆ ಬರುವುದು ಮಾತ್ರೆಯಲ್ಲಿ ಎಣಿಸಿಟ್ಟಷ್ಟೇ ಜನ. 2001ರಲ್ಲಿ ಅಮೆರಿಕದ ಡಾ. ಅರಾಫಾ ಇಂಥ 25 ಮಂದಿ ಹೆಂಗಸರನ್ನು ಪರೀಕ್ಷಿಸಿ, ಅವರಲ್ಲಿ ಕೆಲವರಿಗೆ ಥೈರಾಕ್ಸಿನ್ ಹೆಚ್ಚು ಬೇಕಾಗುವುದನ್ನು ತೋರಿಸಿದರು. ಚರ್ಮಕ್ಕೆ ಸವರುವ ಜೆಲ್ಲು ಅಥವಾ ಅಂಟಿಸುವ ಪಟ್ಟಿಯ ಈಸ್ಟ್ರೋಜನ್ ಮೊದಲೇ ಪಿತ್ತಜನಕಾಂಗವನ್ನು ಹೊಗದೆ ರಕ್ತ ಸೇರುವುದರಿಂದ ಈ ತೊಂದರೆ ಅದರಲ್ಲಿ ಬಹುಮಟ್ಟಿಗೆ ಇಲ್ಲ; ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ.

ನನಗೆ ಹಾರ್ಮೋನು ಮಾತ್ರೆ ಬರೆದುಕೊಟ್ಟವರು ಥೈರಾಯ್ಡಿನ ಚೀಟಿಯತ್ತ ಕಣ್ಣೆತ್ತಿ ನೋಡಲಿಲ್ಲ. ಒಂದು ತಿಂಗಳಲ್ಲಿ ಬಿಸಿ ಏರುವುದು ನಿಂತಿತು, ರಾತ್ರಿ ನಿದ್ದೆ ಬಂತು. ಮೂರನೆಯ ತಿಂಗಳಿಗೆ ಹಳೆಯ ಚಳಿ, ಹಳೆಯ ಜಡತೆ ಮರಳಿದವು; ಮಧ್ಯಾಹ್ನದ ಪಾಠಕ್ಕೆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. 2.4 ಇದ್ದ ಟಿ.ಎಸ್.ಎಚ್. 8.1ಕ್ಕೆ ಏರಿತ್ತು. ಇನ್ನೊಬ್ಬ ವೈದ್ಯರು ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, 75 ಮೈಕ್ರೋಗ್ರಾಮಿನ ಥೈರಾಕ್ಸಿನ್ನನ್ನು 100ಕ್ಕೆ ಏರಿಸಿದರು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಪ್ರಮಾಣ ಬದಲಿಸಿದ ಮೇಲೆ ಆರು ವಾರ ಕಾದು ಪರೀಕ್ಷಿಸಬೇಕು, ಹತ್ತು ದಿನಕ್ಕೆ ಮಾಡಿಸಿದರೆ ಹಣ ದಂಡ. ಈಸ್ಟ್ರೋಜನ್ ಮಾತ್ರೆ ಶುರುಮಾಡಿದವರು ಹನ್ನೆರಡು ವಾರದೊಳಗೆ ಒಮ್ಮೆ ನೋಡಿಸಬೇಕು. ಮುಂದೆ ಅದನ್ನು ಬಿಟ್ಟಾಗಲೂ ಹಾಗೆಯೇ, ಏಕೆಂದರೆ ಆಗ ಥೈರಾಕ್ಸಿನ್ನನ್ನು ಇಳಿಸಬೇಕಾದೀತು.

ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ನೀರಿನೊಡನೆ. ನಮ್ಮ ಸೀಮೆಯಲ್ಲಿ ಎದ್ದೊಡನೆ ಕಾಫಿ, ಹಿಂದೆಯೇ ರಾಗಿ ಅಂಬಲಿ. ಎರಡಕ್ಕೂ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ ಮತ್ತು ಸುಣ್ಣದ ಮಾತ್ರೆಗಳಿಗಾದರೋ ನಾಲ್ಕು ಗಂಟೆ. ಮೂಳೆಗೆಂದು ಕೊಟ್ಟ ಸುಣ್ಣದ ಮಾತ್ರೆಯನ್ನು ನಾನು ರಾತ್ರಿ ಊಟಕ್ಕೆ ಇಟ್ಟುಕೊಂಡಿದ್ದೇನೆ. ಈ ಹಾರ್ಮೋನು ಗರ್ಭನಿರೋಧಕವಲ್ಲವೆಂಬುದನ್ನೂ ಹೇಳಬೇಕು. ಮುಟ್ಟು ಪೂರ್ತಿ ನಿಲ್ಲುವವರೆಗೆ ಬಸಿರಾಗುವ ಸಂಭವ ಇದ್ದೇ ಇದೆ. ಹನ್ನೆರಡು ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಥೈರಾಯ್ಡಿನ ಲೆಕ್ಕಕ್ಕಾಗಲಿ ಮಾತ್ರೆಯ ಲೆಕ್ಕಕ್ಕಾಗಲಿ ಬರೆಯದೆ, ತಡಮಾಡದೆ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಬೇಕು.