ಮಗುವಿನ ಗೀಳನ್ನು ಅಳೆಯುವ ಹತ್ತು ಪ್ರಶ್ನೆಗಳು

ಮಗು ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತದೆ ಎಂದು ಎಣಿಸಿದರೆ ಅದರ ಗೀಳು ಎಷ್ಟು ತೀವ್ರವಾಗಿದೆ ಎಂಬುದು ತಿಳಿಯುವುದಿಲ್ಲ. ಗೀಳು ಮನೋರೋಗ, ಅಂದರೆ ಒಸಿಡಿ ಇರುವ ಎಷ್ಟೋ ಮಕ್ಕಳು ಕೈ ತೊಳೆಯುವುದೇ ಇಲ್ಲ. ಒಬ್ಬಳು ಪಾಠದ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಾಳೆ, ಮುಂದಿನ ಸಾಲಿಗೆ ಹೋಗಲು ಅವಳಿಗೆ ಧೈರ್ಯ ಬರುವುದಿಲ್ಲ. ಇನ್ನೊಬ್ಬ ಬರೆದ ಅಕ್ಷರ ‘ಸರಿ’ ಅನ್ನಿಸುವವರೆಗೆ ಪುಟ ಹರಿಯುವಷ್ಟು ಅಳಿಸುತ್ತಾನೆ. ಮತ್ತೊಬ್ಬ ಸುಮ್ಮನೆ ಕುಳಿತಂತೆ ಕಂಡರೂ, ಅಪ್ಪನಿಗೆ ಅಪಘಾತವಾಗದಿರಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾನೆ. ಮನೆಯವರ ಕಣ್ಣಿಗೆ ಇದು ಸೋಮಾರಿತನ, ಹಟ, ಓದಿನಲ್ಲಿ ಗಮನವಿಲ್ಲದಿರುವುದು. ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಈ ತೊಂದರೆ ಇರುತ್ತದೆ ಎಂಬ ಅಂದಾಜಿದ್ದರೂ ಚಿಕಿತ್ಸೆಗೆ ಬರುವ ಹೊತ್ತಿಗೆ ಹಲವರಲ್ಲಿ ವರ್ಷಗಳೇ ಕಳೆದಿರುತ್ತವೆ.

ಹಾಗೆಂದು ಪ್ರತಿಯೊಂದು ಅಭ್ಯಾಸಕ್ಕೂ ಹೆದರಬೇಕಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಅದೇ ತಟ್ಟೆ ಬೇಕು, ಅದೇ ಕತೆ ಅದೇ ರೀತಿ ಹೇಳಬೇಕು ಎಂದು ಹಟ ಹಿಡಿಯುವುದು ಬೆಳವಣಿಗೆಯ ಸಹಜ ಭಾಗ. ಅದರಿಂದ ಮಗುವಿಗೆ ನೆಮ್ಮದಿ ಸಿಗುತ್ತದೆ, ವಯಸ್ಸಾದಂತೆ ತಾನಾಗಿ ಬಿಟ್ಟುಹೋಗುತ್ತದೆ. ಗೀಳು ಹಾಗಲ್ಲ. ಅದು ಹೊತ್ತನ್ನು ನುಂಗುತ್ತದೆ, ಸಂಕಟ ಕೊಡುತ್ತದೆ, ಶಾಲೆ-ಆಟ-ಊಟಗಳಿಗೆ ಅಡ್ಡ ಬರುತ್ತದೆ.

ಈ ವ್ಯತ್ಯಾಸವನ್ನು ಅಂದಾಜಿಗೆ ಬಿಡದೆ ಅಳೆಯಲು ವೈದ್ಯರು ಹೆಚ್ಚಾಗಿ ಬಳಸುವುದು ಯೇಲ್-ಬ್ರೌನ್ ಮಾಪನದ ಮಕ್ಕಳ ಆವೃತ್ತಿಯನ್ನು. ದೊಡ್ಡವರಿಗಾಗಿ ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು ಮೂಲ ಮಾಪನವನ್ನು 1989ರಲ್ಲಿ ಪ್ರಕಟಿಸಿದ್ದರು. ಮಕ್ಕಳ ಆವೃತ್ತಿಯ ವಿಶ್ವಾಸಾರ್ಹತೆಯನ್ನು ಪರೀಕ್ಷಿಸಿದ ಲಾರೆನ್ಸ್ ಸ್ಕೇಹಿಲ್ ಮತ್ತು ಸಂಗಡಿಗರ ಪ್ರಬಂಧ 1997ರಲ್ಲಿ ಬಂತು. ಇದು ಮಗುವಿನ ಕೈಗೆ ಕೊಟ್ಟು ತುಂಬಿಸುವ ಪ್ರಶ್ನಪತ್ರಿಕೆಯಲ್ಲ. ತರಬೇತಿ ಪಡೆದವರು ಮಗುವಿನೊಂದಿಗೂ ತಂದೆತಾಯಿಯೊಂದಿಗೂ ಮಾತನಾಡುತ್ತ ನಡೆಸುವ ಸಂದರ್ಶನ.

ಮೊದಲು ಒಂದು ಉದ್ದನೆಯ ಪಟ್ಟಿ. ಕೊಳೆ, ರೋಗಾಣುಗಳ ಭಯ, ಯಾರಿಗಾದರೂ ಕೆಡುಕಾದೀತೆಂಬ ಯೋಚನೆ, ದೇವರಿಗೆ ಅಪಚಾರವಾಯಿತೇ ಎಂಬ ಅಳುಕು, ಬೇಡವೆಂದರೂ ನುಗ್ಗುವ ಲೈಂಗಿಕ ಕಲ್ಪನೆ, ಪರಿಶೀಲನೆ, ಎಣಿಕೆ, ಜೋಡಿಸುವುದು, ಇತರರನ್ನೂ ಆಚರಣೆಗೆ ಎಳೆಯುವುದು, ಹೀಗೆ ಏನೇನಿವೆ ಎಂದು ಗುರುತಿಸಲಾಗುತ್ತದೆ. ಆದರೆ ಈ ಪಟ್ಟಿಗೆ ಅಂಕವಿಲ್ಲ. ಅಂಕ ಬೀಳುವುದು ಆಮೇಲಿನ ಹತ್ತು ಪ್ರಶ್ನೆಗಳಿಗೆ. ಆಲೋಚನೆಗಳ ಬಗ್ಗೆ ಐದು, ಕ್ರಿಯೆಗಳ ಬಗ್ಗೆ ಐದು: ದಿನದಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಕೆಲಸಕ್ಕೆ ಎಷ್ಟು ಅಡ್ಡಿ, ಎಷ್ಟು ಸಂಕಟ, ಎಷ್ಟು ತಡೆಯಲು ಯತ್ನಿಸುತ್ತೀಯ, ತಡೆಯಲು ಎಷ್ಟು ಸಾಧ್ಯವಾಗುತ್ತದೆ. ಪ್ರತಿಯೊಂದಕ್ಕೂ 0ರಿಂದ 4, ಒಟ್ಟು 40. ಹೊತ್ತಿನ ಪ್ರಶ್ನೆಯಲ್ಲಿ ಒಂದು ಗಂಟೆಗಿಂತ ಕಡಿಮೆಯಾದರೆ 1, ಎಂಟು ಗಂಟೆ ಮೀರಿದರೆ 4.

ನನಗೆ ಇದರಲ್ಲಿ ಬಹಳ ಮಾನವೀಯವೆನಿಸುವುದು ನಾಲ್ಕನೆಯ ಪ್ರಶ್ನೆ. ಗೆಲ್ಲಲಿ ಸೋಲಲಿ, ಗೀಳಿನ ವಿರುದ್ಧ ಸೆಣಸುತ್ತಿರುವ ಮಗುವಿಗೆ ಅಲ್ಲಿ ಕಡಿಮೆ ಅಂಕ, ಸೆಣಸುವುದನ್ನೇ ಬಿಟ್ಟ ಮಗುವಿಗೆ ಹೆಚ್ಚು. ಮಗುವಿನ ಪ್ರಯತ್ನವನ್ನು ಅದರ ಆರೋಗ್ಯದ ಭಾಗವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾಪನವಿದು.

ಕಷ್ಟವಿರುವುದು ಉತ್ತರ ಪಡೆಯುವುದರಲ್ಲಿ. ತಮ್ಮನನ್ನು ಚಾಕುವಿನಿಂದ ಇರಿದುಬಿಟ್ಟರೆ ಎಂಬ ಯೋಚನೆ ಬರುತ್ತಿರುವ ಹನ್ನೆರಡರ ಹುಡುಗ ಅದನ್ನು ಅಮ್ಮನೆದುರು ಹೇಳುವುದಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಭಯವೂ ಇರಬಹುದು. ಆ ಯೋಚನೆ ಅವನ ಆಸೆಯಲ್ಲ, ಅವನನ್ನು ಅತಿ ಹೆಚ್ಚು ನಡುಗಿಸುವ ಸಂಗತಿಯೇ ಅದು. ಆದ್ದರಿಂದ ಹದಿಹರೆಯದವರೊಂದಿಗೆ ಒಂಟಿಯಾಗಿ ಮಾತನಾಡುವುದು ಅತ್ಯಗತ್ಯ. ‘ಇಂಥ ಯೋಚನೆ ಬೇರೆ ಮಕ್ಕಳಿಗೂ ಬರುತ್ತದೆ’ ಎಂದು ವೈದ್ಯರು ಮೊದಲೇ ಹೇಳಿದರೆ ಬಾಯಿ ಬಿಡುವುದು ಸುಲಭವಾಗುತ್ತದೆ. ಚಿಕ್ಕ ಮಕ್ಕಳ ಕತೆ ಬೇರೆ. ಏಕೆ ಹೀಗೆ ಮಾಡುತ್ತೇನೆಂದು ಅವರಿಗೇ ಗೊತ್ತಿರುವುದಿಲ್ಲ. ಅಲ್ಲಿ ತಂದೆತಾಯಿ ಕಂಡದ್ದೇ ಆಧಾರ.

ತಂದೆತಾಯಿಗೂ ಒಂದು ಮರೆ ಇದೆ. ‘ಏನೂ ಆಗಲ್ಲ ಅಲ್ವಾ?’ ಎಂದು ಮಗು ಹತ್ತು ಸಲ ಕೇಳಿದರೆ ಹತ್ತು ಸಲವೂ ‘ಇಲ್ಲ ಕಂದ’ ಅನ್ನುತ್ತೇವೆ, ಬಾಗಿಲ ಚಿಲಕವನ್ನು ನಾವೇ ಮತ್ತೆ ನೋಡಿಬರುತ್ತೇವೆ. ಪ್ರೀತಿಯಿಂದ ಮಾಡಿದ ಇದೇ ಸಹಕಾರ ಗೀಳನ್ನು ಗಟ್ಟಿಮಾಡುತ್ತದೆ, ಅದರ ತೀವ್ರತೆಯನ್ನು ಮರೆಮಾಚುತ್ತದೆ. ಮನೆಯವರು ಎಷ್ಟರಮಟ್ಟಿಗೆ ಹೊಂದಿಕೊಂಡಿದ್ದಾರೆ ಎಂಬುದನ್ನು ಅಳೆಯಲೂ ಪ್ರತ್ಯೇಕ ಮಾಪನವಿದೆ. ನಮ್ಮಲ್ಲಿ ಮಡಿ-ಮೈಲಿಗೆ ಪಾಲಿಸುವ ಮನೆಗಳಲ್ಲಿ ಈ ಮರೆ ಇನ್ನೂ ದಟ್ಟ. ಮಡಿಯುಡುವುದು ಕಾಯಿಲೆಯಲ್ಲ. ಆದರೆ ಮನೆಯ ಹಿರಿಯರಿಗೂ ಅತಿ ಅನ್ನಿಸುವಷ್ಟು ಹೊತ್ತು ಮಗು ಬಚ್ಚಲಲ್ಲಿ ಕಳೆದು, ಅಳುತ್ತ ಹೊರಬಂದರೆ ಅದನ್ನು ಸಂಪ್ರದಾಯವೆಂದು ಬಿಡಬಾರದು.

ಅಂಕ ಒಂದೇ ರೋಗನಿರ್ಣಯವಲ್ಲ. ಆಟಿಸಂ, ಖಿನ್ನತೆ, ಮುಖ ಮೈ ತಾನಾಗಿ ಅದುರುವ ಟಿಕ್ ಇವೆಯೇ ಎಂದೂ ನೋಡಬೇಕು. ಅಂಕದ ದೊಡ್ಡ ಉಪಯೋಗ ಚಿಕಿತ್ಸೆಯ ಫಲ ತಿಳಿಯುವುದರಲ್ಲಿದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 7ರಿಂದ 17 ವಯಸ್ಸಿನ 112 ಮಂದಿಗೆ ಹನ್ನೆರಡು ವಾರ ಚಿಕಿತ್ಸೆ ನೀಡಲಾಯಿತು. ಸೇರಲು ಕನಿಷ್ಠ 16 ಅಂಕವಿರಬೇಕಿತ್ತು. 10 ಅಥವಾ ಅದಕ್ಕಿಂತ ಕೆಳಗಿಳಿದರೆ ಉಪಶಮನ. ವರ್ತನಾ ಚಿಕಿತ್ಸೆ ಮತ್ತು ಸರ್ಟ್ರಲಿನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಸುಮಾರು ಶೇಕಡಾ 54, ವರ್ತನಾ ಚಿಕಿತ್ಸೆ ಮಾತ್ರ ಪಡೆದವರಲ್ಲಿ 39, ಮಾತ್ರೆ ಮಾತ್ರ ಪಡೆದವರಲ್ಲಿ 21, ಹುಸಿಮಾತ್ರೆ ಪಡೆದವರಲ್ಲಿ ಸುಮಾರು ಶೇಕಡಾ 4 ಮಕ್ಕಳು ಆ ಗೆರೆ ತಲುಪಿದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ಗೀಳು ಮನೋರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ಕೂ ಇವೆ. ದೂರದ ಊರಿನವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗುವಿನ ಗೀಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ಬೈಯದೆ, ವಾರ್ಷಿಕ ಪರೀಕ್ಷೆ ಮುಗಿಯಲೆಂದು ಕಾಯದೆ, ಈಗಲೇ ತೋರಿಸಿ.