ಮನೆಗೂ ಬೇಕು ಚಿಕಿತ್ಸೆ

ಕುರ್ಚಿಯಿಂದ ಎದ್ದು ನಿಲ್ಲುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ಭೌತಶಾಸ್ತ್ರದ ಅರ್ಥದಲ್ಲಿ ಖಂಡಿತ ಹೌದು. ಲೆಕ್ಕ ಹಾಕಿ ನೋಡೋಣ.

60 ಕೆಜಿ ತೂಗುವ ವ್ಯಕ್ತಿಯ ತಲೆ, ತೋಳು ಮತ್ತು ಮುಂಡದ ರಾಶಿ ಸುಮಾರು 40 ಕೆಜಿ. ತೊಡೆಯ ಉದ್ದ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ತೊಡೆ ನೆಲಕ್ಕೆ ಸಮಾಂತರವಾಗಿರುವಂತೆ ಕುಳಿತವರು ಎದ್ದು ನಿಂತಾಗ ಈ 40 ಕೆಜಿ ರಾಶಿ 40 ಸೆಂ.ಮೀ. ಮೇಲೇರುತ್ತದೆ. ಇದಕ್ಕೆ ಬೇಕಾದ ಕೆಲಸ ಸುಮಾರು 157 ಜೂಲ್. ಆಸನವನ್ನು 10 ಸೆಂ.ಮೀ. ಎತ್ತರಿಸಿದರೆ 118 ಜೂಲ್ ಸಾಕು. ಕಾಲುಭಾಗ ಉಳಿತಾಯ!

ಯುವಕರಿಗೆ ಈ ವ್ಯತ್ಯಾಸ ಗೊತ್ತೇ ಆಗದು. ತೊಡೆಯ ಸ್ನಾಯುಗಳು ಸೊರಗಿದ ಎಂಬತ್ತರ ಅಜ್ಜಿಗೆ ಮಾತ್ರ, ತಾನಾಗಿ ಏಳುವುದೋ ಇನ್ನೊಬ್ಬರು ಬಂದು ಎಬ್ಬಿಸುವವರೆಗೆ ಕಾಯುವುದೋ ಎಂಬುದನ್ನು ಆ ಕಾಲುಭಾಗವೇ ನಿರ್ಧರಿಸಬಹುದು.

ಅಂಗವೈಕಲ್ಯ ಎಲ್ಲಿದೆ?

ಅಂಗವೈಕಲ್ಯ ದೇಹದೊಳಗೇ ಇದೆ ಎಂಬುದು ನಮ್ಮ ಸಾಮಾನ್ಯ ಗ್ರಹಿಕೆ. ಅಮೆರಿಕದ ಮನೋವಿಜ್ಞಾನಿ ಪೊವೆಲ್ ಲಾಟನ್ ಮತ್ತು ಅವರ ಸಹೋದ್ಯೋಗಿ ಲುಸಿಲ್ ನಹೆಮೊ 1973ರಲ್ಲಿ ಬೇರೊಂದು ದೃಷ್ಟಿಯನ್ನು ಮುಂದಿಟ್ಟರು. ವ್ಯಕ್ತಿಯ ಸಾಮರ್ಥ್ಯ ಮತ್ತು ಪರಿಸರ ಅವನಿಂದ ಬೇಡುವ ಶ್ರಮ, ಇವೆರಡರ ಹೊಂದಾಣಿಕೆಯೇ ಇಲ್ಲಿ ಮುಖ್ಯ. ಹಾಗಾದರೆ ಅಂತರವನ್ನು ಕುಗ್ಗಿಸಲು ಎರಡು ದಾರಿಗಳಿವೆ: ಸಾಮರ್ಥ್ಯವನ್ನು ಹೆಚ್ಚಿಸುವುದು, ಬೇಡಿಕೆಯನ್ನು ತಗ್ಗಿಸುವುದು.

ಎರಡನ್ನೂ ಒಟ್ಟಿಗೆ ಮಾಡುವ ಕಾರ್ಯಕ್ರಮವೇ 'ಕೇಪಬಲ್'. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರಾ ಸ್ಯಾಂಟನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಸ್ಯಾಂಟನ್ ಮೊದಲು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ನರ್ಸ್.

ಮೂವರ ತಂಡ

ವೃದ್ಧರ ಮನೆಗೆ ಮೂವರು ಬರುತ್ತಾರೆ. ದಿನಚರಿಯ ಕೆಲಸಗಳನ್ನು ಸುಲಭಗೊಳಿಸುವ ತರಬೇತಿ ಪಡೆದ ಆಕ್ಯುಪೇಷನಲ್ ಥೆರಪಿಸ್ಟ್ ಆರು ಬಾರಿ, ನರ್ಸ್ ನಾಲ್ಕು ಬಾರಿ, ಜೊತೆಗೆ ಒಬ್ಬ ರಿಪೇರಿ ಕೆಲಸಗಾರ. ನಿಮಗೆ ಯಾವ ಕೆಲಸ ಕಷ್ಟ, ಯಾವುದನ್ನು ನೀವೇ ಮಾಡಬೇಕೆಂದು ಆಸೆ ಎಂಬ ಪ್ರಶ್ನೆಯಿಂದ ಆರಂಭ. ಗುರಿಯನ್ನು ಆರಿಸುವವರು ವೃದ್ಧರೇ. ನರ್ಸ್ ನೋವು, ಔಷಧಿ, ಸ್ನಾಯುಬಲ ಮತ್ತು ಸಮತೋಲದ ಕಡೆ ಗಮನ ಕೊಡುತ್ತಾರೆ. ಕೆಲಸಗಾರ ಮೆಟ್ಟಿಲಿಗೆ ಕಟಕಟೆ, ಬಚ್ಚಲಿಗೆ ಹಿಡಿಕೆ ಜೋಡಿಸುತ್ತಾನೆ, ಸಡಿಲವಾದ ಹಲಗೆಯನ್ನು ಸರಿಪಡಿಸುತ್ತಾನೆ.

ಹಿಡಿಕೆಯಿಂದ ಏನು ಲಾಭ? ಅಲ್ಲಿ ಸ್ನಾನದ ತೊಟ್ಟಿಯ ಅಂಚನ್ನು ದಾಟಲು ಕ್ಷಣಕಾಲ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಆಗ ದೇಹದ ಆಧಾರವೆಂದರೆ ಒಂದು ಪಾದದಷ್ಟೇ ಜಾಗ. ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಅದರಿಂದಾಚೆ ಸರಿದರೆ ದೇಹ ವಾಲುತ್ತದೆ. ಗೋಡೆಯ ಹಿಡಿಕೆ ಎರಡನೆಯ ಆಧಾರವಾಗಿ, ವಾಲುವಿಕೆಯನ್ನು ತಡೆಯುವ ಬಲವನ್ನು ಕೈಯ ಮೂಲಕ ಒದಗಿಸುತ್ತದೆ.

ಪರೀಕ್ಷೆ ಏನು ಹೇಳಿತು?

ಬಾಲ್ಟಿಮೋರ್‌ನ ಕಡಿಮೆ ಆದಾಯದ, 65 ದಾಟಿದ 300 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಈ ಕಾರ್ಯಕ್ರಮ. ಇನ್ನೊಂದಕ್ಕೂ ಮನೆಭೇಟಿ ಇತ್ತು, ಆದರೆ ಈ ಚಿಕಿತ್ಸೆ ಇರಲಿಲ್ಲ. ಇದು ಏಕೆ? ಯಾರಾದರೂ ಬಂದು ಮಾತನಾಡಿಸಿದರೆ ಸಾಕು, ಒಂಟಿ ಜೀವಕ್ಕೆ ಗೆಲುವಾಗಬಹುದು. ಆ ಪರಿಣಾಮವನ್ನು ಬೇರ್ಪಡಿಸಲೆಂದೇ ಈ ಏರ್ಪಾಟು.

2019ರಲ್ಲಿ ಫಲಿತಾಂಶ ಪ್ರಕಟವಾಯಿತು. ನಡೆಯುವುದು, ಸ್ನಾನ, ಉಡುಪು ಧರಿಸುವುದು ಮುಂತಾದ ಎಂಟು ಕೆಲಸಗಳಲ್ಲಿನ ತೊಂದರೆಯ ಅಂಕ, ಐದು ತಿಂಗಳ ಬಳಿಕ, ಹೋಲಿಕೆಯ ಗುಂಪಿಗಿಂತ ಶೇ. 30ರಷ್ಟು ಕಡಿಮೆಯಾಗಿತ್ತು. ಬದುಕು ಸುಲಭವಾಯಿತು ಎಂದವರು ಈ ಗುಂಪಿನಲ್ಲಿ ಶೇ. 82, ಇನ್ನೊಂದರಲ್ಲಿ ಶೇ. 43. ಅಡುಗೆ, ಖರೀದಿಯಂಥ ಕೆಲಸಗಳಲ್ಲಿ ಶೇ. 17ರಷ್ಟು ಇಳಿಕೆ ಕಂಡರೂ ಅದು ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದ ಬಲ ಸಾಲಲಿಲ್ಲ. ಇದನ್ನೂ ಮರೆಮಾಚದೆ ಹೇಳಿದ್ದಾರೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ನೀವೂ ಅಳೆಯಿರಿ

ಒಂದು ಅಳತೆ ಟೇಪು ತೆಗೆದುಕೊಳ್ಳಿ. ನಿಮ್ಮ ಮನೆಯ ಹಿರಿಯರು ಕೂರುವ ಕುರ್ಚಿ, ಮಂಚ, ಬಚ್ಚಲ ಹೊಸ್ತಿಲುಗಳ ಎತ್ತರ ಬರೆದುಕೊಳ್ಳಿ. ಏಳುವಾಗ ಅವರು ಏನನ್ನು ಹಿಡಿಯುತ್ತಾರೆ? ಅಲುಗಾಡುವ ಬಕೆಟನ್ನೋ, ನಲ್ಲಿಯನ್ನೋ? ಹಾಗಿದ್ದರೆ ಹಿಡಿಕೆ ಎಲ್ಲಿರಬೇಕೆಂದು ಅವರ ಕೈಯೇ ತೋರಿಸಿಕೊಟ್ಟಿದೆ. ಬದಲಾವಣೆ ಮಾಡುವ ಮುನ್ನ ಅವರನ್ನೇ ಕೇಳಿ. ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು, ಆದರೆ ಕುರ್ಚಿಯನ್ನು 10 ಸೆಂ.ಮೀ. ಎತ್ತರಿಸಬಹುದಲ್ಲವೇ?